ಮೂಗಿಲ್ಲದವರೋ, ಮಾತಿಲ್ಲದವರೋ? ಒಂದು ವೇದಮಂತ್ರ, ಎರಡು ಅನುವಾದ

ಪ್ರಶ್ನೆ: ನಾನು ಬಿ.ಎ. ಓದುತ್ತಿದ್ದೇನೆ. ಋಗ್ವೇದದ ಐದನೇ ಮಂಡಲದಲ್ಲಿ ಒಂದು ಮಂತ್ರ ಇದೆ. ಇಂಟರ್‌ನೆಟ್‌ನಲ್ಲಿ ಸಿಗುವ ಇಂಗ್ಲಿಷ್ ಅನುವಾದದಲ್ಲಿ ಅದಕ್ಕೆ 'ಇಂದ್ರ ಮೂಗಿಲ್ಲದ ದಸ್ಯುಗಳನ್ನು ಕೊಂದ' ಎಂದಿದೆ. ನಮ್ಮ ಅಜ್ಜನ ಕಾಲದ ಕನ್ನಡ ಪುಸ್ತಕದಲ್ಲಿ ಅದೇ ಮಂತ್ರಕ್ಕೆ 'ಮಾತಿಲ್ಲದ' ಎಂದಿದೆ. ಎರಡರಲ್ಲಿ ಯಾವುದು ಸರಿ? ಒಂದೇ ಮಂತ್ರಕ್ಕೆ ಹೀಗೆ ಎರಡು ಅರ್ಥ ಬರುವುದಾದರೆ ಅನುವಾದವನ್ನು ನಂಬುವುದಾದರೂ ಹೇಗೆ? ಸಂಸ್ಕೃತ ಬರದವರು ವೇದ ಓದಲೇಬಾರದಾ?

ಉತ್ತರ: ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡಿದ್ದೀರಲ್ಲ, ಅರ್ಧ ಕೆಲಸ ಅಲ್ಲೇ ಮುಗಿದಿದೆ. ನೀವು ಹಿಡಿದಿರುವ ಪದ ಕೂಡ ಸಾಮಾನ್ಯದ್ದಲ್ಲ. ಅದರ ಮೇಲೆ ಒಂದು ದೊಡ್ಡ ಸಿದ್ಧಾಂತವನ್ನೇ ಕಟ್ಟಿದ್ದರು.

ನೀವು ಹೇಳುತ್ತಿರುವುದು ಐದನೇ ಮಂಡಲ, 29ನೇ ಸೂಕ್ತ, 10ನೇ ಮಂತ್ರ. ಮಂಡಲ ಅಂದರೆ ಋಗ್ವೇದದ ಒಂದು ಭಾಗ, ಸೂಕ್ತ ಅಂದರೆ ಅದರೊಳಗಿನ ಕೆಲವು ಮಂತ್ರಗಳ ಒಂದು ಗುಚ್ಛ. ದಸ್ಯುಗಳು ಅಂದರೆ ಆ ಕವಿಗಳು ಹಗೆಗಳು ಎಂದು ಕಂಡವರು. ಮೂಲದಲ್ಲಿರುವ ಪದ 'ಅನಾಸಃ'. ಇದನ್ನು ಎಲ್ಲಿ ಕತ್ತರಿಸಬೇಕು ಎಂಬುದೇ ಜಗಳ.

ನಾನು ತರಗತಿಯಲ್ಲಿ ಇದನ್ನು ಹೇಳುವಾಗ ಮೊದಲು ಬೋರ್ಡಿನ ಮೇಲೆ ಎರಡು ಕನ್ನಡ ಪದ ಬರೆಯುತ್ತೇನೆ: ಅನಾದಿ, ಅನಾಥ. ಎರಡೂ 'ಅನಾ' ಎಂದೇ ಶುರುವಾಗುತ್ತವೆ. ಆದರೆ ಅನಾದಿ ಅಂದರೆ ಅನ್ + ಆದಿ, ಮೊದಲೇ ಇಲ್ಲದ್ದು. ಅನಾಥ ಅಂದರೆ ಅ + ನಾಥ, ದಿಕ್ಕಿಲ್ಲದವನು. ಕತ್ತರಿ ಬೀಳುವ ಜಾಗ ಒಂದಕ್ಷರ ಆಚೆ ಈಚೆ. ಈ ಎರಡು ಪದಗಳಲ್ಲಿ ನಮಗೆ ಗೊಂದಲ ಇಲ್ಲ, ಯಾಕೆಂದರೆ ದಿನಾ ಬಳಸುತ್ತೇವೆ. 'ಅನಾಸ' ಹಾಗಲ್ಲ. ಅ + ನಾಸ ಎಂದು ಬಿಡಿಸಿದರೆ ಮೂಗಿಲ್ಲದವರು. ನಾಸಿಕ ಅಂತೀವಲ್ಲ, ಅದೇ ಮೂಲ. ಅನ್ + ಆಸ ಎಂದು ಬಿಡಿಸಿದರೆ ಬಾಯಿಲ್ಲದವರು. 'ಆಸ್ಯ' ಅಂದರೆ ಬಾಯಿ. ವ್ಯಾಕರಣ ಎರಡಕ್ಕೂ ದಾರಿ ಬಿಡುತ್ತದೆ. ಮಂತ್ರದ ಪದಗಳನ್ನು ಬಿಡಿಬಿಡಿಯಾಗಿ ಹೇಳುವ ಪದಪಾಠ ಇದೆಯಲ್ಲ, ಅದೂ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. 'ಇಲ್ಲ' ಎನ್ನುವ ಈ ಅ, ಅನ್‌ಗಳನ್ನು ಪದಪಾಠ ಸಾಮಾನ್ಯವಾಗಿ ಬಿಡಿಸಿ ತೋರಿಸುವುದಿಲ್ಲ.

ವೇದಗಳಿಗೆ ಭಾಷ್ಯ, ಅಂದರೆ ವಿವರಣೆ, ಬರೆದ ಸಾಯಣಾಚಾರ್ಯರು ಎರಡನೇ ದಾರಿ ಹಿಡಿದರು. ಅವರು 14ನೇ ಶತಮಾನದವರು, ವಿಜಯನಗರದ ಬುಕ್ಕರಾಯ ಮತ್ತು ಎರಡನೇ ಹರಿಹರನ ಆಸ್ಥಾನದಲ್ಲಿ ಮಂತ್ರಿಯಾಗಿದ್ದವರು. ಬಾಯಿ ಇಲ್ಲದವರು, ಇಲ್ಲಿ ಬಾಯಿ ಎಂದರೆ ಮಾತು, ಆದ್ದರಿಂದ ಮಾತಿಲ್ಲದ ಮೂಕರು ಎಂದು ಅವರ ಭಾಷ್ಯ ಹೇಳುತ್ತದೆ. ಅಜ್ಜನ ಪುಸ್ತಕ ಸಾಯಣರನ್ನು ಅನುಸರಿಸಿದೆ ಅಂತ ಕಾಣುತ್ತದೆ. ಕನ್ನಡದಲ್ಲಿ ಹಾಗೆ ಬಂದ ಪುಸ್ತಕಗಳೇ ಹೆಚ್ಚು. ಜಯಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಮೈಸೂರಿನಿಂದ 30ಕ್ಕೂ ಹೆಚ್ಚು ಸಂಪುಟಗಳಲ್ಲಿ ಋಗ್ವೇದ ಕನ್ನಡಕ್ಕೆ ಬಂತಲ್ಲ, ಅದೂ ಸಾಯಣಭಾಷ್ಯದ ಜೊತೆಗೇ ಬಂದದ್ದು.

'ಮೂಗಿಲ್ಲದವರು' ಎಂಬ ಅರ್ಥ ಬಂದದ್ದು ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಅವರಿಂದ, 1850ರ ದಶಕದಲ್ಲಿ. ಗಮನಿಸಿ, ಸಾಯಣಭಾಷ್ಯದ ಸಮೇತ ಋಗ್ವೇದವನ್ನು ಅಚ್ಚು ಹಾಕಿಸಿದವರೂ ಅವರೇ. 1849ರಿಂದ 1874ರವರೆಗೆ ಆರು ಸಂಪುಟ. ಅಂದರೆ ಸಾಯಣರ ಅರ್ಥ ಅವರ ಕಣ್ಣೆದುರಿಗೇ ಇತ್ತು. ಆದರೂ ಬೇರೆ ಕಡೆ ಕತ್ತರಿಸಿದರು. ಆಮೇಲೆ, ಹಿಂದೆ ಬನಾರಸ್ ಕಾಲೇಜಿನಲ್ಲಿದ್ದ ಗ್ರಿಫಿತ್ 1889ರಿಂದ ಹೊರತಂದ ಇಂಗ್ಲಿಷ್ ಅನುವಾದದಲ್ಲೂ 'ಮೂಗಿಲ್ಲದ' ಎಂದೇ ಹಾಕಿದರು. ಅದರ ಕಾಪಿರೈಟ್ ಮುಗಿದು ಬಹಳ ಕಾಲವಾಯಿತು. ಹಾಗಾಗಿ ಇಂಟರ್‌ನೆಟ್‌ನಲ್ಲಿ ಋಗ್ವೇದ ಹುಡುಕಿದರೆ ಜಾಸ್ತಿ ಸಿಗುವುದು ಅದೇ. ನೀವು ಓದಿದ್ದೂ ಬಹುಶಃ ಅದನ್ನೇ.

ಇಷ್ಟಕ್ಕೇ ನಿಂತಿದ್ದರೆ ಪಂಡಿತರ ನಡುವಿನ ಚರ್ಚೆ ಅಂತ ಬಿಡಬಹುದಿತ್ತು. ನಿಲ್ಲಲಿಲ್ಲ. ಹರ್ಬರ್ಟ್ ರಿಸ್ಲಿ ಎಂಬ ಬ್ರಿಟಿಷ್ ಅಧಿಕಾರಿ ಬಂಗಾಳದಲ್ಲಿ ಜನರ ಮೂಗನ್ನು ಅಳತೆ ಮಾಡಿಸಿದರು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ 100ರಿಂದ ಗುಣಿಸುವುದು, ಬಂದ ಅಂಕಿಯಿಂದ ಜಾತಿಗಳನ್ನು ಮೇಲೆ ಕೆಳಗೆ ಜೋಡಿಸುವುದು. ಮೂಗು ಅಗಲವಾದಷ್ಟೂ ಜಾತಿ ಕೆಳಗೆ ಎಂಬುದು ಅವರ ಸೂತ್ರ. ಅದಕ್ಕೆ ಆಧಾರ ಏನು? ವೇದದಲ್ಲೇ ಈ ನೆಲದ ಹಳಬರ ಮೂಗಿನ ಬಗ್ಗೆ ಮತ್ತೆ ಮತ್ತೆ ಮಾತು ಬರುತ್ತದೆ ಎಂದು 1891ರಲ್ಲಿ ಅವರು ಬರೆದರು. ಮತ್ತೆ ಮತ್ತೆ ಬರುವುದಿಲ್ಲ. ಋಗ್ವೇದದಲ್ಲಿ ಸಾವಿರಕ್ಕೂ ಹೆಚ್ಚು ಸೂಕ್ತ, ಹತ್ತು ಸಾವಿರಕ್ಕೂ ಹೆಚ್ಚು ಮಂತ್ರ. ಅಷ್ಟರಲ್ಲಿ ಈ 'ಅನಾಸ' ಇರುವುದು ಇದೊಂದೇ ಕಡೆ. ಇದೇ ರಿಸ್ಲಿ 1901ರ ಜನಗಣತಿಯ ಮುಖ್ಯಸ್ಥರಾದರು. ಜಾತಿಗಳಿಗೆ ಮೇಲು ಕೀಳಿನ ಪಟ್ಟಿ ಸರ್ಕಾರಿ ಕಾಗದಕ್ಕೆ ಬಂತು. ಒಂದು ಪದವನ್ನು ಒಂದಕ್ಷರ ಆಚೆ ಕತ್ತರಿಸಿದ್ದು ಎಲ್ಲಿಯವರೆಗೆ ಹೋಯಿತು ನೋಡಿ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗಾದರೆ ಯಾವುದು ಸರಿ? ನನ್ನ ತೀರ್ಮಾನ ಸಾಯಣರ ಕಡೆಗೆ. ಅವರು ನಮ್ಮವರು ಅಂತಲ್ಲ. ಅದೇ ಮಂತ್ರದ ಮುಂದಿನ ಭಾಗ ನೋಡಿ. ಅಲ್ಲಿ ಅದೇ ದಸ್ಯುಗಳನ್ನು 'ಮೃಧ್ರವಾಚಃ' ಎಂದು ಕರೆದಿದೆ. ಮಾತು ಕೆಟ್ಟದ್ದಾದವರು, ಹಗೆಯ ಮಾತಿನವರು ಎಂದರ್ಥ. ಎರಡನೇ ಸಾಲು ಮಾತಿನ ಬಗ್ಗೆ ಹೇಳುವಾಗ ಮೊದಲ ಸಾಲೂ ಮಾತಿನ ಬಗ್ಗೆಯೇ ಇರಬೇಕು ಎನ್ನುವುದು ಸಹಜ, ಅಲ್ವಾ? ನಮ್ಮ ಭಾಷೆ ಬಾರದವರನ್ನು ಬಾಯಿಲ್ಲದವರು ಎನ್ನುವುದು ಹಳೆಯ ಜನರಲ್ಲಿ ಹೊಸದೇನೂ ಅಲ್ಲ. 1946ರಲ್ಲಿ ಅಂಬೇಡ್ಕರ್ ಅವರು ಶೂದ್ರರ ಮೂಲದ ಬಗ್ಗೆ ಬರೆದಾಗ ಇದೇ ಪದವನ್ನು ಕೈಗೆತ್ತಿಕೊಂಡರು. ಮುಲ್ಲರ್ ಮತ್ತು ಸಾಯಣರ ಅರ್ಥಗಳನ್ನು ಎದುರುಬದುರು ಇಟ್ಟು, 'ಮೃಧ್ರವಾಚಃ' ಪದವನ್ನೇ ಸಾಕ್ಷಿಗೆ ಕರೆದು, ಸಾಯಣರದ್ದೇ ಸರಿ ಎಂದರು. ಸಾಯಣರ ಪರವಾಗಿ ಅಂಬೇಡ್ಕರ್! ಮೂಲಕ್ಕೆ ಹೋದರೆ ಇಂಥದ್ದೆಲ್ಲ ಆಗುತ್ತದೆ.

ಮುಲ್ಲರ್ ಬಗ್ಗೆಯೂ ಒಂದು ಮಾತು ಹೇಳಬೇಕು. 1888ರಲ್ಲಿ ಅವರೇ, ಆರ್ಯ ಎನ್ನುವುದು ಭಾಷೆಗೆ ಸೇರಿದ ಮಾತು, ರಕ್ತಕ್ಕೂ ತಲೆಬುರುಡೆಗೂ ಅದನ್ನು ಅಂಟಿಸಬೇಡಿ ಎಂದು ಖಡಾಖಂಡಿತವಾಗಿ ಬರೆದರು. ಆದರೂ ಮೂಗು ಊರೆಲ್ಲ ಸುತ್ತುವುದು ನಿಲ್ಲಲಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ: ನಂಬುವುದು ಹೇಗೆ?

ಅನುವಾದಕರು ಸುಳ್ಳು ಹೇಳುತ್ತಾರೆ ಅಂದುಕೊಳ್ಳಬೇಡಿ. ತೊಂದರೆ ಇರುವುದು ಬೇರೆ ಕಡೆ. ಮೂಲದಲ್ಲಿ ದಾರಿ ಕವಲೊಡೆದಿರುತ್ತದೆ. ಅನುವಾದಕ ಅಲ್ಲಿ ನಿಂತು ಯೋಚಿಸಿ ಒಂದು ಕವಲು ಹಿಡಿಯಲೇಬೇಕು, ಬೇರೆ ಉಪಾಯವಿಲ್ಲ. ಆದರೆ ಅನುವಾದ ಓದುವವರಿಗೆ ಅಲ್ಲೊಂದು ಕವಲು ಇತ್ತು ಎನ್ನುವುದೇ ಕಾಣುವುದಿಲ್ಲ. 'ಮೂಗಿಲ್ಲದ' ಎಂದು ಅಚ್ಚಾದ ಮೇಲೆ ಅದು ಇತ್ಯರ್ಥವಾದ ಸಂಗತಿಯ ಹಾಗೆ ಕಾಣುತ್ತದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ನನಗೆ ಇದು ತುಂಬಾ ಇಷ್ಟ. ಹತ್ತನೇ ಮಂಡಲದ 121ನೇ ಸೂಕ್ತದಲ್ಲಿ ಒಂಬತ್ತು ಮಂತ್ರಗಳ ಕೊನೆಗೂ ಒಂದೇ ಸಾಲು ಬರುತ್ತದೆ: 'ಕಸ್ಮೈ ದೇವಾಯ ಹವಿಷಾ ವಿಧೇಮ'. ನೇರ ಅರ್ಥ: ಯಾವ ದೇವರಿಗೆ ನಾವು ಹವಿಸ್ಸು, ಅಂದರೆ ಆಹುತಿ, ಕೊಡೋಣ? ಮೊದಲು ಹುಟ್ಟಿದವನು ಯಾರೋ, ಭೂಮಿ ಆಕಾಶಗಳನ್ನು ಹಿಡಿದು ನಿಂತವನು ಯಾರೋ, ಹಿಮದ ಬೆಟ್ಟಗಳು ಯಾರ ಹಿರಿಮೆಯೋ, ಅಂಥ ಯಾವ ದೇವರಿಗೆ? ಕವಿ ಕೇಳುತ್ತಲೇ ಹೋಗುತ್ತಾನೆ.

ಆದರೆ ಯಜ್ಞ ಮಾಡುವವರಿಗೆ ಪ್ರಶ್ನೆಯಿಂದ ಏನು ಮಾಡುವುದು? ಆಹುತಿ ಯಾರಿಗಾದರೂ ಹೋಗಲೇಬೇಕು. ಹಾಗಾಗಿ 'ಕ' ಎನ್ನುವುದೇ ಒಬ್ಬ ದೇವರ ಹೆಸರಾಯಿತು. ಯಜ್ಞಗಳನ್ನು ವಿವರಿಸುವ ಐತರೇಯ ಬ್ರಾಹ್ಮಣ ಎಂಬ ಗ್ರಂಥದಲ್ಲಿ ಇದಕ್ಕೊಂದು ಕಥೆಯೇ ಇದೆ. ವೃತ್ರ ಎಂಬ ವೈರಿಯನ್ನು ಕೊಂದ ಇಂದ್ರ ಸೃಷ್ಟಿಕರ್ತ ಪ್ರಜಾಪತಿಯ ಹತ್ತಿರ ಬಂದು, ನಿನ್ನ ದೊಡ್ಡಸ್ತಿಕೆ ನನಗೆ ಕೊಡು ಎನ್ನುತ್ತಾನೆ. ಕೊಟ್ಟರೆ ನಾನು ಯಾರಾಗಲಿ, ಕೋಹಂ, ಎಂದು ಪ್ರಜಾಪತಿ ಕೇಳುತ್ತಾನೆ. ಈಗ ಏನು ಹೇಳಿದೆಯೋ ಅದೇ ಆಗು ಎಂದ ಇಂದ್ರ. ಅಲ್ಲಿಂದ ಪ್ರಜಾಪತಿಗೆ 'ಕ' ಎಂದೇ ಹೆಸರು. ಯಾರು ಎಂಬ ಪ್ರಶ್ನೆಯೇ ದೇವರ ಹೆಸರಾದ ಕಥೆ ಇದು. ಸಾಯಣರೂ 'ಕ' ಎಂದರೆ ಪ್ರಜಾಪತಿ ಎಂದೇ ವಿವರಿಸುತ್ತಾರೆ.

ವ್ಯಾಕರಣದ ಒಂದು ಸಣ್ಣ ಗುರುತು ಮಾತ್ರ ಉಳಿದುಕೊಂಡಿದೆ. 'ಕ' ಎನ್ನುವುದು ಹೆಸರಾಗಿದ್ದರೆ 'ಕನಿಗೆ' ಎನ್ನಲು 'ಕಾಯ' ಎನ್ನಬೇಕು, ರಾಮಾಯ ಎನ್ನುವ ಹಾಗೆ. 'ಕಸ್ಮೈ' ಎಂದರೆ 'ಯಾರಿಗೆ, ಯಾವುದಕ್ಕೆ' ಎಂಬ ಪ್ರಶ್ನೆ. ಮುಂದೆ ಯಜುರ್ವೇದದಲ್ಲಿ 'ಕಾಯ ಸ್ವಾಹಾ, ಕಸ್ಮೈ ಸ್ವಾಹಾ' ಎಂದು ಎರಡೂ ಬರುತ್ತವೆ. ಹೆಸರೂ ಇರಲಿ, ಪ್ರಶ್ನೆಯೂ ಇರಲಿ ಎಂದ ಹಾಗೆ.

ಈ ಸೂಕ್ತದಲ್ಲಿ ಹತ್ತನೆಯ ಮಂತ್ರ ಒಂದಿದೆ. ಅದು 'ಪ್ರಜಾಪತೇ' ಎಂದು ಹೆಸರು ಹಿಡಿದು ಕರೆದು ಉತ್ತರ ಕೊಟ್ಟುಬಿಡುತ್ತದೆ. ಆದರೆ ಶಾಕಲ್ಯರು ಸಿದ್ಧಪಡಿಸಿದ ಪದಪಾಠದಲ್ಲಿ ಆ ಮಂತ್ರಕ್ಕೆ ಪದ ಬಿಡಿಸಿಲ್ಲ. ಇಡೀ ಋಗ್ವೇದದಲ್ಲಿ ಹೀಗೆ ಪದಪಾಠ ಇಲ್ಲದ ಮಂತ್ರ ಆರೇ ಆರು. ಆದ್ದರಿಂದ ಇದು ಆಮೇಲೆ ಸೇರಿದ್ದು ಎಂದು ಅನೇಕರು ಹೇಳುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ಪ್ರಶ್ನೆಯನ್ನು ಹಾಗೇ ಬಿಡಲು ಯಾರಿಗೋ ಮನಸ್ಸು ಬರಲಿಲ್ಲ.

ಮುಲ್ಲರ್ ಇದೇ ಸೂಕ್ತವನ್ನು ಇಂಗ್ಲಿಷಿಗೆ ತಂದಾಗ 'ಅರಿಯದ ದೇವರಿಗೆ' ಎಂಬ ತಲೆಬರಹ ಕೊಟ್ಟರು. ಬೈಬಲ್ ಓದಿದವರಿಗೆ ಅದು ತಕ್ಷಣ ಹೊಳೆಯುತ್ತದೆ. ಸಂತ ಪೌಲ ಅಥೆನ್ಸ್‌ನಲ್ಲಿ ಕಂಡ ಬಲಿಪೀಠದ ಮೇಲೆ ಇದ್ದ ಬರಹ ಅದೇ. ಅಲ್ಲಿ ಪೌಲ ಹೇಳುವುದು, ನೀವು ಅರಿಯದೆ ಪೂಜಿಸುವವನನ್ನೇ ನಾನು ತಿಳಿಸುತ್ತೇನೆ ಎಂದು. ತಲೆಬರಹ ಓದಿದೊಡನೆ ಇಂಗ್ಲಿಷ್ ಓದುಗರ ಮನಸ್ಸು ಆ ಕಡೆ ಹೊರಳುತ್ತದೆ. ನಮ್ಮ ಯಾಜ್ಞಿಕರು ಪ್ರಶ್ನೆಗೆ ಪ್ರಜಾಪತಿಯನ್ನು ತಂದು ಕೂರಿಸಿದರು. ಅಲ್ಲಿಯ ಓದುಗರಿಗೆ ಬೇರೊಂದು ದೇವರು ಕಂಡಿರಬೇಕು. ಕವಿ ಕೇಳಿದ್ದು ಹಾಗೇ ಉಳಿಯಿತು.

ಅಂದರೆ ಬೇರೆ ಭಾಷೆಗೆ ಹೋದಾಗ ಮಾತ್ರ ಅರ್ಥ ಬದಲಾಗುತ್ತದೆ ಅಂದುಕೊಳ್ಳಬೇಡಿ. ಸಂಸ್ಕೃತದಿಂದ ಸಂಸ್ಕೃತಕ್ಕೆ ವಿವರಿಸುವಾಗಲೂ ಬದಲಾಗುತ್ತದೆ. ಸಾಯಣರಿಗೂ ಋಗ್ವೇದದ ಕವಿಗಳಿಗೂ ನಡುವೆ ಎರಡು ಸಾವಿರ ವರ್ಷಕ್ಕೂ ಮೀರಿದ ಅಂತರ. ಸಾಯಣರಿಗಿಂತ ಎಷ್ಟೋ ಶತಮಾನ ಮೊದಲೇ ಯಾಸ್ಕರು ವೇದದ ಪದಗಳ ಅರ್ಥ ಬಿಡಿಸುವ ನಿರುಕ್ತ ಎಂಬ ಗ್ರಂಥ ಬರೆದಾಗಲೂ, ಮಂತ್ರಗಳಿಗೆ ಅರ್ಥವೇ ಇಲ್ಲ ಎಂದು ವಾದಿಸುವ ಕೌತ್ಸ ಎಂಬುವವರ ಮಾತಿಗೆ ಅವರು ಉತ್ತರ ಕೊಡಬೇಕಾಗಿತ್ತು. ಕುರುಡನಿಗೆ ಕಂಬ ಕಾಣದಿದ್ದರೆ ಅದು ಕಂಬದ ತಪ್ಪಲ್ಲ ಎಂದು ಯಾಸ್ಕರು ಹೇಳಿದ್ದು ಅಲ್ಲೇ.

ಒಂದಕ್ಷರದಿಂದ ಜೀವಕ್ಕೇ ಕುತ್ತು ಬಂದ ಉದಾಹರಣೆಯೂ ಇದೆ. ಹತ್ತನೇ ಮಂಡಲದ 18ನೇ ಸೂಕ್ತ ಸಾವಿನ ಮನೆಯದು. ಅದರ ಏಳನೇ ಮಂತ್ರ 'ಇಮಾ ನಾರೀರವಿಧವಾಃ' ಎಂದು ಶುರುವಾಗುತ್ತದೆ. ವಿಧವೆಯರಲ್ಲದ ಈ ಹೆಂಗಸರು ಕಣ್ಣೀರಿಲ್ಲದೆ, ಕಾಯಿಲೆಯಿಲ್ಲದೆ, ಒಡವೆ ತೊಟ್ಟು ಮೊದಲು ಮನೆಗೆ ಬರಲಿ ಎಂದು ಅರ್ಥ. ಕೊನೆಯ ಪದಗಳು 'ಯೋನಿಮಗ್ರೇ'. ಯೋನಿ ಅಂದರೆ ಇಲ್ಲಿ ಮನೆ, ನೆಲೆ. ಅಗ್ರೇ ಅಂದರೆ ಮೊದಲು. ಸಾಯಣರೂ ಹೀಗೇ ಹೇಳುತ್ತಾರೆ. ಆದರೆ ಬಂಗಾಳದ ಧರ್ಮಶಾಸ್ತ್ರದ ಪುಸ್ತಕಗಳಲ್ಲಿ ಅದು 'ಅಗ್ನೇಃ' ಎಂದಾಯಿತು. ರ ಒತ್ತು ಇದ್ದಲ್ಲಿ ನ ಒತ್ತು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಕೋಲ್‌ಬ್ರೂಕ್ ಆ ಪಾಠವನ್ನೇ ಹಿಡಿದು, ಈ ಹೆಂಗಸರು ಬೆಂಕಿಗೆ ತಮ್ಮನ್ನು ಒಪ್ಪಿಸಿಕೊಳ್ಳಲಿ ಎಂದು ಇಂಗ್ಲಿಷಿಗೆ ತಂದರು. ಸಹಗಮನಕ್ಕೆ ವೇದದ ಅಪ್ಪಣೆ ಇದೆ ಎಂದು ಕಂಪನಿ ಸರ್ಕಾರದವರೂ ಓದಿದರು. ಸತಿ ಪದ್ಧತಿ ನಿಷೇಧವಾದದ್ದು 1829ರ ಡಿಸೆಂಬರ್‌ನಲ್ಲಿ. ಮೂಲ ಪಾಠ 'ಅಗ್ರೇ' ಎಂದು ಸಂಸ್ಕೃತ ವಿದ್ವಾಂಸ ಹೊರೇಸ್ ವಿಲ್ಸನ್ ಪತ್ರಿಕೆಯಲ್ಲಿ ಬರೆದು ತೋರಿಸಿದ್ದು 1854ರಲ್ಲಿ. ಬೇಕಂತಲೇ ಬದಲಿಸಿದ್ದೋ, ನಕಲು ಮಾಡುವಾಗ ಆದದ್ದೋ ಎಂಬ ವಾದ ಬೇರೆ. ಪುಟ ತಿರುಗಿಸುವುದೂ ಬೇಡ, ಮುಂದಿನ ಮಂತ್ರ ಓದಿದ್ದರೆ ಸಾಕಿತ್ತು. 'ಉದೀರ್ಷ್ವ ನಾರಿ', ಏಳು ಹೆಣ್ಣೇ, ಬದುಕಿರುವವರ ಲೋಕಕ್ಕೆ ಬಾ ಎಂದು ಅದು ಗಂಡನ ಪಕ್ಕ ಮಲಗಿದವಳನ್ನು ಎಬ್ಬಿಸುತ್ತದೆ.

ಕೆಲವು ಕಡೆ ಅನುವಾದಕರು ಅನುವಾದವನ್ನೇ ಮಾಡಲಿಲ್ಲ. ಲೋಪಾಮುದ್ರೆ ಮತ್ತು ಅಗಸ್ತ್ಯರ ಸಂವಾದ ಮೊದಲ ಮಂಡಲದಲ್ಲಿದೆ. ಗಂಡ ತಪಸ್ಸಿನಲ್ಲೇ ಮುಳುಗಿದ್ದಾನೆ, ನನಗೆ ವಯಸ್ಸಾಗುತ್ತಿದೆ ಎಂದು ಹೆಂಡತಿ ಬಿಚ್ಚುಮನಸ್ಸಿನಿಂದ ಮಾತಾಡುವ ಸೂಕ್ತ. ಗ್ರಿಫಿತ್ ಅದನ್ನು ಪುಸ್ತಕದ ಹಿಂದೆ ಅನುಬಂಧಕ್ಕೆ ಹಾಕಿ, ಅದರ ಕೆಲವು ಭಾಗಗಳನ್ನು ಲ್ಯಾಟಿನ್‌ನಲ್ಲಿ ಕೊಟ್ಟರು. ಅಷ್ಟು ಒಳ್ಳೆಯ ಸೂಕ್ತ ಸಾಮಾನ್ಯ ಓದುಗರ ಕಣ್ಣಿಗೇ ಬೀಳಲಿಲ್ಲ.

ಈಗ ಕನ್ನಡದ ಮಾತಿಗೆ ಬರುತ್ತೇನೆ. ಇದು ನಮಗೆ ಹತ್ತಿರದ್ದು, ಹೆಚ್ಚು ಜನ ಗಮನಿಸದ್ದು. ಇಂಗ್ಲಿಷಿಗೆ ತರುವವರು ಪ್ರತಿ ಪದಕ್ಕೂ ಬೇರೆ ಪದ ಹುಡುಕಬೇಕು. ನಮಗೆ ಆ ಕಷ್ಟ ಇಲ್ಲ, ಸಂಸ್ಕೃತ ಪದವನ್ನು ಹಾಗೇ ಇಟ್ಟುಬಿಡಬಹುದು. ಅಪಾಯ ಇರುವುದೂ ಅಲ್ಲೇ. ಪದ ಅದೇ, ಅರ್ಥ ಮೂರು ಸಾವಿರ ವರ್ಷದಲ್ಲಿ ಎಲ್ಲೆಲ್ಲೋ ಹೋಗಿರುತ್ತದೆ.

'ಅಸುರ' ಎಂದರೆ ನಮಗೆ ರಾಕ್ಷಸ. ಋಗ್ವೇದದಲ್ಲಿ ಅದು ದೊಡ್ಡ ದೇವರುಗಳನ್ನು ಗೌರವದಿಂದ ಕರೆಯುವ ಮಾತು, ಒಡೆಯ ಎನ್ನುವ ಹಾಗೆ. ವರುಣ ಅಸುರ, ಅಗ್ನಿ ಅಸುರ. ಮೊದಲ ಮಂಡಲದ 174ನೇ ಸೂಕ್ತದ ಮೊದಲ ಮಂತ್ರದಲ್ಲಿ ಇಂದ್ರನನ್ನೇ 'ಅಸುರ, ನಮ್ಮನ್ನು ಕಾಪಾಡು' ಎಂದು ಕರೆದಿದೆ. ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಇದನ್ನು ಓದಿ ಅಚ್ಚಿನ ತಪ್ಪು ಇರಬೇಕು ಅಂದುಕೊಂಡಿದ್ದೆ. 'ಬ್ರಹ್ಮ' ಎಂದರೆ ನಮಗೆ ನಾಲ್ಕು ಮುಖದ ದೇವರು, ಇಲ್ಲವೇ ವೇದಾಂತದ ಪರಬ್ರಹ್ಮ. ಋಗ್ವೇದದಲ್ಲಿ ಬಹಳಷ್ಟು ಕಡೆ ಅದು ಕವಿ ಕಟ್ಟಿದ ಪ್ರಾರ್ಥನೆ, ಮಂತ್ರ, ಅಷ್ಟೇ. ಕನ್ನಡ ಅನುವಾದದಲ್ಲಿ 'ಬ್ರಹ್ಮ' ಎಂದೇ ಬಿಟ್ಟರೆ ಓದುವವರ ತಲೆಯಲ್ಲಿ ಬೇರೆಯೇ ಚಿತ್ರ ಮೂಡುತ್ತದೆ.

'ವರ್ಣ' ಇನ್ನೂ ಸೂಕ್ಷ್ಮ. ಋಗ್ವೇದದಲ್ಲಿ 'ಆರ್ಯ ವರ್ಣ', 'ದಾಸ ವರ್ಣ' ಎಂದು ಬರುತ್ತದೆ. ವರ್ಣ ಅಂದರೆ ಬಣ್ಣ, ಆದ್ದರಿಂದ ಇದು ಬಿಳಿ ತೊಗಲು, ಕಪ್ಪು ತೊಗಲಿನ ಮಾತು ಎಂದು 19ನೇ ಶತಮಾನದ ಅನೇಕರು ಓದಿದರು. ಬಣ್ಣ ಎನ್ನುವ ನಮ್ಮ ಪದ ಹುಟ್ಟಿದ್ದೂ ವರ್ಣದಿಂದಲೇ, ನಿಜ. ಆದರೆ ಶಾಲೆಯಲ್ಲಿ ನಾವೆಲ್ಲ ವರ್ಣಮಾಲೆ ಕಲಿತಿದ್ದೇವೆ. ಅಲ್ಲಿ ವರ್ಣ ಅಂದರೆ ಅಕ್ಷರ. ಬಗೆ, ಗುಂಪು ಎಂಬ ಅರ್ಥವೂ ಆ ಪದಕ್ಕಿದೆ. ಇಷ್ಟೆಲ್ಲ ಅರ್ಥಗಳು ಕನ್ನಡದವರ ಕಿವಿಯಲ್ಲಿ ಮೊದಲೇ ಇವೆ. ಇದು ನಮಗಿರುವ ಅನುಕೂಲ, ಬಳಸಿಕೊಳ್ಳಬೇಕು.

'ಪುರ್' ಎನ್ನುವ ಪದದ್ದೂ ಇದೇ ಕಥೆ. ಇಂದ್ರ ಪುರಂದರ, ಪುರಗಳನ್ನು ಒಡೆದವನು. ನಗರ, ಕೋಟೆ ಎಂಬ ಅನುವಾದ ಓದಿ, ಹರಪ್ಪದಲ್ಲಿ ಗೋಡೆ ಸಿಕ್ಕಿದಾಗ, ಅದನ್ನು ಒಡೆದ ಆರೋಪಿ ಇಂದ್ರನೇ ಎಂದು ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಬರೆದರು. ಋಗ್ವೇದದ ಪುರ್ ಎಂಬುದು ಮಣ್ಣು, ಕಲ್ಲಿನ ಸುತ್ತುಗೋಡೆ ಇರಬೇಕೇ ಹೊರತು ಇಟ್ಟಿಗೆಯ ನಗರವಲ್ಲ ಎಂದು ಜರ್ಮನ್ ವಿದ್ವಾಂಸ ವಿಲ್ಹೆಲ್ಮ್ ರಾವ್ 1976ರಲ್ಲಿ ವೇದದ ಉಲ್ಲೇಖಗಳನ್ನೆಲ್ಲ ಕಲೆಹಾಕಿ ತೋರಿಸಿದರು.

ಇನ್ನು ಸ್ವರ, ಅಂದರೆ ವೇದ ಹೇಳುವಾಗಿನ ದನಿಯ ಏರಿಳಿತ. ವೃತ್ರನ ತಂದೆ ತ್ವಷ್ಟೃ 'ಇಂದ್ರಶತ್ರು' ಎಂಬ ಪದದ ಸ್ವರ ತಪ್ಪಿ ಹೇಳಿ, ಇಂದ್ರನನ್ನು ಕೊಲ್ಲುವವನು ಹುಟ್ಟುವ ಬದಲು ಇಂದ್ರನಿಂದ ಸಾಯುವವನು ಹುಟ್ಟಿದ ಕಥೆಯನ್ನು ವೇದ ಕಲಿಸುವವರು ಇವತ್ತಿಗೂ ಹೇಳುತ್ತಾರೆ. ಸ್ವರದ ಗುರುತುಗಳನ್ನು ಬಿಟ್ಟು ಅಚ್ಚು ಮಾಡಿದ ಪುಸ್ತಕದಲ್ಲಿ ಇಂಥ ಸುಳಿವೆಲ್ಲ ಹೋಗಿರುತ್ತದೆ.

ಸಂಸ್ಕೃತ ಬರದವರು ಓದಲೇಬಾರದಾ ಎಂದು ಕೇಳಿದ್ದೀರಿ. ಖಂಡಿತ ಓದಿ. ನನ್ನದು ಒಂದೇ ಕೋರಿಕೆ, ಒಂದೇ ಅನುವಾದ ಓದಬೇಡಿ. ಸಾಯಣರನ್ನು ಅನುಸರಿಸಿದ ಒಂದು, ಅನುಸರಿಸದ ಒಂದು ಇಟ್ಟುಕೊಳ್ಳಿ. ಇಂಗ್ಲಿಷ್ ಬರುವುದರಿಂದ 2014ರಲ್ಲಿ ಬಂದ ಜೇಮಿಸನ್ ಮತ್ತು ಬ್ರೆರೆಟನ್ ಅನುವಾದವನ್ನು ಕಾಲೇಜಿನ ಲೈಬ್ರರಿಯಲ್ಲಿ ಕೇಳಿ ನೋಡಿ. ಗ್ರಿಫಿತ್ ನಂತರದ ನೂರು ವರ್ಷದ ಕೆಲಸ ಅದರ ಹಿಂದಿದೆ, ಎಲ್ಲಿ ಅನುಮಾನ ಇದೆಯೋ ಅಲ್ಲಿ ಹೇಳುತ್ತಾರೆ. ಎರಡು ಅನುವಾದ ಹೊಂದಿಕೊಂಡರೆ ಮುಂದೆ ಹೋಗಿ. ಹೊಂದಿಕೊಳ್ಳದಿದ್ದರೆ ನಿಲ್ಲಿ, ಆ ಒಂದು ಪದವನ್ನು ಮೂಲದಲ್ಲಿ ಪತ್ತೆ ಮಾಡಿ. ಕನ್ನಡ ಲಿಪಿಯಲ್ಲೇ ಮೂಲ ಸಿಗುತ್ತದೆ, ಅದರಲ್ಲಿ ಅರ್ಧ ಪದಗಳು ನಿಮಗೆ ಪರಿಚಯದವೇ. ಮೊದಲು ನೀವು ಮಾಡಿದ್ದೂ ಇದನ್ನೇ ತಾನೆ?

ಅಜ್ಜನ ಪುಸ್ತಕವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಹತ್ತನೇ ಮಂಡಲ ಮನೆಯಲ್ಲಿ ಇದ್ದರೆ 121ನೇ ಸೂಕ್ತ ತೆಗೆದು, 'ಕಸ್ಮೈ' ಎಂಬಲ್ಲಿ 'ಪ್ರಜಾಪತಿಗೆ' ಎಂದಿದೆಯೋ, 'ಯಾವ ದೇವರಿಗೆ' ಎಂದಿದೆಯೋ ನೋಡಿ ನನಗೆ ಬರೆದು ತಿಳಿಸಿ.